ವೈದ್ಯವಿದ್ಯೆಗೆ ಅಧಿಕಾರಿ ಯಾರು?

ಅಧಿಕಾರವೆಂಬ ಮಾತು ಇಂದಿನ ವ್ಯವಹಾರದಲ್ಲಿ ಆಳ್ವಿಕೆಯ ಅರ್ಥವನ್ನೇ ಹೆಚ್ಚಾಗಿ ಕೊಡುತ್ತಿದೆ. ತಾಲೂಕು ಕಚೇರಿಯಲ್ಲಿ ಮೇಜಿನ ಹಿಂದೆ ಕುಳಿತವನು ಅಧಿಕಾರಿ. ಅವನೆದುರು ಅರ್ಜಿ ಹಿಡಿದು ನಿಂತವನಿಗೆ ಆ ಹೆಸರಿಲ್ಲ. ಶಾಸ್ತ್ರಗಳಲ್ಲಿಯಾದರೋ ಈ ಪದಕ್ಕೆ ಬೇರೊಂದು ಅರ್ಥವುಂಟು. ಒಂದು ಕರ್ಮಕ್ಕೆ ಇಲ್ಲವೆ ಒಂದು ವಿದ್ಯೆಗೆ ತಕ್ಕವನಾರು, ಅದರ ಫಲಕ್ಕೆ ಹಕ್ಕುಳ್ಳವನಾರು ಎಂದು ವಿಚಾರಿಸುವಾಗ ಮೀಮಾಂಸಕರು ಅಂಥವನನ್ನೇ ಅಧಿಕಾರಿಯೆಂದು ಕರೆದರು. ಅಲ್ಲಿ ಅರ್ಜಿ ಹಿಡಿದು ನಿಂತವನೇ ಅಧಿಕಾರಿಯಾಗಬಲ್ಲನು. ವರ್ಷವರ್ಷವೂ ವೈದ್ಯಕೀಯ ಕಾಲೇಜುಗಳ ಪ್ರವೇಶದ ಪಟ್ಟಿ ಹೊರಬಿದ್ದಾಗ ಹೊಸಪೇಟೆ, ಸಂಡೂರು, ಕಂಪ್ಲಿಗಳ ವಿದ್ಯಾವಂತ ಮನೆಗಳಲ್ಲಿ ಏಳುವ ವಾದವು ಈ ಹಳೆಯ ಪ್ರಶ್ನೆಯೇ ಆಗಿದೆ. ಯಾರ ಮಗನಿಗೆ ಸೀಟು ದೊರೆಯಿತು, ಯಾರ ಮಗಳಿಗೆ ಕೈತಪ್ಪಿತು, ಅದು ನ್ಯಾಯವೋ ಅನ್ಯಾಯವೋ ಎಂದು ಊಟದ ಎಲೆಯ ಮುಂದೆಯೇ ಚರ್ಚೆಯಾಗುತ್ತದೆ. ಚರ್ಚೆ ಬಿಸಿಯಾದಷ್ಟು ಪ್ರಶ್ನೆಯು ಸ್ಪಷ್ಟವಾಗುವುದಿಲ್ಲ. ಅದನ್ನು ಸ್ವಲ್ಪ ತಣ್ಣಗೆ ಬಿಡಿಸಿ ನೋಡುವುದು ಯುಕ್ತವಾಗಿದೆ.

ಮೊದಲು ಅಲ್ಪಸಂಖ್ಯಾತರೆಂಬ ಶಬ್ದ. ಜನಗಣತಿಯಲ್ಲಿ ಕಡಮೆಯಾಗಿರುವವರು ಅಲ್ಪಸಂಖ್ಯಾತರೆಂಬುದು ಕಾನೂನಿನ ಅರ್ಥ, ಮಣಿಪಾಲದ ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 2002ರಲ್ಲಿ ಸರ್ವೋಚ್ಚ ನ್ಯಾಯಾಲಯದ 11 ಮಂದಿ ನ್ಯಾಯಾಧೀಶರು ಕೂಡಿ, ಈ ಲೆಕ್ಕವನ್ನು ಇಡೀ ದೇಶಕ್ಕಲ್ಲದೆ ರಾಜ್ಯಕ್ಕೆ ಅನ್ವಯಿಸಿ ಮಾಡಬೇಕೆಂದು ತೀರ್ಮಾನಿಸಿದರು. ಆದರೆ ಕಾಲೇಜಿನ ತರಗತಿಯೊಳಗೆ ಇನ್ನೊಂದು ಬಗೆಯ ಅಲ್ಪಸಂಖ್ಯೆಯುಂಟು. ಊರಿನಲ್ಲಿ ಹೆಚ್ಚು, ತರಗತಿಯಲ್ಲಿ ಕಡಮೆ ಎಂಬಂತಿರುವವರದು ಅದು. ತುಂಗಭದ್ರೆಯ ಈ ದಂಡೆಯಲ್ಲಿ ಬೇಡ ನಾಯಕರೂ ಮಾದಿಗ ಹೊಲೆಯರೂ ಲಂಬಾಣಿಗರೂ ಮುಸಲ್ಮಾನರೂ ಬೀದಿಬೀದಿಯಲ್ಲಿ ಕಾಣಸಿಗುವರು. ಈ ಮನೆಗಳಿಂದ ವೈದ್ಯರಾಗಿ ಬಂದವರನ್ನು ಎಣಿಸುವಾಗ ಮಾತ್ರ ಬೆರಳುಗಳು ಬಹುಕಾಲ ಸಾಕಾಗಿದ್ದುವು. ಈ ಲೇಖನದಲ್ಲಿ ಅಲ್ಪಸಂಖ್ಯಾತರೆಂದರೆ ಈ ಎರಡು ಬಗೆಯವರೂ ಎಂದು ವಾಚಕರು ತಿಳಿಯಬೇಕು.

ಪ್ರಾಚೀನರು ವೈದ್ಯವಿದ್ಯೆಯ ಬಾಗಿಲಲ್ಲಿ ಯಾರನ್ನು ನಿಲ್ಲಿಸಿದರು, ಯಾರನ್ನು ಒಳಗೆ ಬಿಟ್ಟರು ಎಂಬುದು ತಿಳಿಯತಕ್ಕ ವಿಷಯ. ಸುಶ್ರುತಸಂಹಿತೆಯ ಸೂತ್ರಸ್ಥಾನವು ಮೂರು ವರ್ಣದವರನ್ನು ಶಿಷ್ಯರೆಂದು ಹೇಳಿ, ಕುಲಗುಣಗಳಿಂದ ಕೂಡಿದ ಶೂದ್ರನಿಗೂ ಉಪನಯನವಿಲ್ಲದೆ, ಮಂತ್ರಭಾಗವನ್ನು ಬಿಟ್ಟು ಕಲಿಸಬಹುದೆಂಬ ಕೆಲವರ ಮತವನ್ನೂ ಜೊತೆಗೆ ಬರೆದಿಟ್ಟಿದೆ. ಚರಕಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಬ್ರಾಹ್ಮಣನು ಪ್ರಾಣಿಗಳ ಮೇಲಣ ಅನುಗ್ರಹಕ್ಕಾಗಿಯೂ ಕ್ಷತ್ರಿಯನು ರಕ್ಷಣೆಗಾಗಿಯೂ ವೈಶ್ಯನು ಜೀವನೋಪಾಯಕ್ಕಾಗಿಯೂ ಆಯುರ್ವೇದವನ್ನು ಓದಬೇಕೆಂದು ಹೇಳಿ, ಸಾಮಾನ್ಯವಾಗಿ ಎಲ್ಲರೂ ಧರ್ಮಾರ್ಥಕಾಮಗಳಿಗಾಗಿ ಓದಬಹುದೆಂದು ಮುಗಿಸುತ್ತದೆ. ವೇದಾಧ್ಯಯನದಲ್ಲಿ ಇಲ್ಲದ ಈ ಸಡಿಲಿಕೆ ವೈದ್ಯದಲ್ಲಿ ಹೇಗೆ ಬಂದಿತು? ರೋಗವು ವರ್ಣವನ್ನು ಕೇಳಿ ಬರುವುದಿಲ್ಲವೆಂಬುದನ್ನು ವೈದ್ಯರು ದಿನದಿನವೂ ಕಣ್ಣಾರೆ ಕಾಣುತ್ತಿದ್ದುದೇ ಕಾರಣವಾಗಿರಬಹುದು.

ಆದರೆ ಅದೇ ಸುಶ್ರುತದಲ್ಲಿ ಇನ್ನೊಂದು ಮಾತೂ ಇದೆ. ಅದನ್ನು ಮುಚ್ಚಿಡುವುದು ಸಲ್ಲದು. ಅನಾಥರನ್ನೂ ದರಿದ್ರರನ್ನೂ ತನ್ನ ಬಂಧುಗಳಂತೆ ಕಂಡು ತನ್ನದೇ ಔಷಧದಿಂದ ಗುಣಪಡಿಸಬೇಕೆಂದು ವೈದ್ಯನಿಗೆ ವಿಧಿಸಿದ ಗ್ರಂಥವು, ವ್ಯಾಧನಿಗೂ ಹಕ್ಕಿ ಹಿಡಿಯುವವನಿಗೂ ಪತಿತನಿಗೂ ಪಾಪಿಗೂ ಚಿಕಿತ್ಸೆ ಮಾಡಬಾರದೆಂದು ನಿಷೇಧಿಸಿದೆ. ವ್ಯಾಧನೆಂದರೆ ಬೇಟೆಗಾರ, ಬೇಡ. ಆ ಬೇಡರ ಹೆಸರನ್ನೇ ಹೊತ್ತ ಕುಲವೊಂದು ಹಂಪಿಯ ಸುತ್ತಣ ಹಳ್ಳಿಗಳಲ್ಲಿ ತುಂಬಿದೆ. 1991ರಲ್ಲಿ ನಾಯಕ, ಬೇಡ, ವಾಲ್ಮೀಕಿ ಎಂಬ ಹೆಸರುಗಳು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದುವು. ರೋಗಿಯಾಗಿಯೂ ವೈದ್ಯನ ಮುಂದೆ ನಿಲ್ಲಬಾರದೆಂದು ಬರೆಯಲ್ಪಟ್ಟ ಹೆಸರಿನವರ ಮೊಮ್ಮಕ್ಕಳು ಇಂದು ಬಳ್ಳಾರಿಯ ಆಸ್ಪತ್ರೆಯಲ್ಲಿ ಸ್ಟೆತಾಸ್ಕೋಪು ಧರಿಸಿ ನಿಲ್ಲುತ್ತಿದ್ದಾರೆ. ಇದನ್ನು ಕಲಿಯ ಮಹಿಮೆಯೆಂದು ನಿಟ್ಟುಸಿರಿಡುವವರು ಹಂಪಿಯ ಸ್ಥಳಪುರಾಣವನ್ನು ಮರೆತಿದ್ದಾರೆ. ಈ ಪ್ರಾಂತವೇ ಕಿಷ್ಕಿಂಧೆಯೆಂದು ಜನರು ನಂಬುತ್ತಾರೆ. ರಣರಂಗದಲ್ಲಿ ಲಕ್ಷ್ಮಣನು ಪ್ರಜ್ಞೆ ತಪ್ಪಿ ಬಿದ್ದಾಗ ಬದುಕಿದ್ದಾನೆಂದು ಪರೀಕ್ಷಿಸಿ ಹೇಳಿ, ಗಿಡಮೂಲಿಕೆಯನ್ನು ತರಿಸಿ ಪ್ರಾಣ ಉಳಿಸಿದವನು ಅಯೋಧ್ಯೆಯ ರಾಜವೈದ್ಯನಲ್ಲ; ತಾರೆಯ ತಂದೆ, ಕಾಡಿನ ವಾನರನಾದ ಸುಷೇಣನು. ಅವನ ಕುಲವನ್ನು ವಿಚಾರಿಸುತ್ತ ಕುಳಿತಿದ್ದರೆ ರಾಮಾಯಣವು ಅಲ್ಲಿಗೇ ಮುಗಿಯುತ್ತಿತ್ತು.

ಪುರಾಣದಿಂದ ಇತಿಹಾಸಕ್ಕೆ ಬರೋಣ. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಬಳ್ಳಾರಿ ಸೀಮೆಯು ಮದರಾಸಿಗೆ ಒಳಪಟ್ಟಿದ್ದಿತು. ಘೋರ್ಪಡೆ ಅರಸರ ಸಂಡೂರು ಸಂಸ್ಥಾನವೂ 1949ರಲ್ಲಿ ಅದರಲ್ಲಿಯೇ ವಿಲೀನವಾಯಿತು. ಆದುದರಿಂದ ಹೊಸಪೇಟೆಯ ಹುಡುಗನೊಬ್ಬನು ಡಾಕ್ಟರಾಗಬೇಕೆಂದರೆ 1835ರಲ್ಲಿ ಆರಂಭವಾದ ಮದರಾಸು ವೈದ್ಯಕೀಯ ಕಾಲೇಜಿನ ಕಡೆಗೋ 1923ರಲ್ಲಿ ಹುಟ್ಟಿದ ವಿಶಾಖಪಟ್ಟಣದ ಕಾಲೇಜಿನ ಕಡೆಗೋ ಮುಖಮಾಡಬೇಕಾಗಿತ್ತು. ದೂರದ ಊರು, ಬೇರೆ ಭಾಷೆ, ಇಂಗ್ಲಿಷಿನ ಪಾಠ, ಹೋಟೆಲಿನ ಖರ್ಚು ಇವೆಲ್ಲವನ್ನೂ ತಾಳಬಲ್ಲ ಮನೆಗಳು ಕೆಲವೇ. ಅವು ಯಾವ ಮನೆಗಳೆಂಬುದನ್ನು ವಿವರಿಸಬೇಕಾಗಿಲ್ಲ.

ಆಗ ಮದರಾಸು ಸರಕಾರವು ಸೀಟುಗಳನ್ನು ಕೋಮುವಾರಾಗಿ ಹಂಚುತ್ತಿತ್ತು. ಸ್ವಾತಂತ್ರ್ಯ ಬಂದ ಕಾಲದಲ್ಲಿ ಜಾರಿಯಲ್ಲಿದ್ದ ಆಜ್ಞೆಯಂತೆ ಪ್ರತಿ 14 ಸೀಟುಗಳಲ್ಲಿ ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಆಂಗ್ಲೋ-ಇಂಡಿಯನ್ ಮತ್ತು ಭಾರತೀಯ ಕ್ರೈಸ್ತರಿಗೆ ಕೂಡಿ 1, ಮುಸಲ್ಮಾನರಿಗೆ 1. ಚಂಪಕಂ ದೊರೈರಾಜನ್ ಎಂಬ ಬ್ರಾಹ್ಮಣ ಮಹಿಳೆಯು ಇದನ್ನು ಪ್ರಶ್ನಿಸಿದಾಗ, ಹುಟ್ಟಿದ ಕೋಮಿನ ಕಾರಣದಿಂದಲೇ ಒಬ್ಬರನ್ನು ಹೊರಗಿಡುವುದು ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 1951ರಲ್ಲಿ ಆಜ್ಞೆಯನ್ನು ರದ್ದು ಮಾಡಿತು. ಅದೇ ವರ್ಷ ಸಂಸತ್ತು ಸಂವಿಧಾನಕ್ಕೆ ಮೊದಲನೆಯ ತಿದ್ದುಪಡಿಯನ್ನು ತಂದು, ಹಿಂದುಳಿದವರ ಏಳಿಗೆಗಾಗಿ ವಿಶೇಷ ಏರ್ಪಾಡು ಮಾಡಬಹುದೆಂದು ಸೇರಿಸಿತು. ಎರಡೂ ಕಡೆಯಲ್ಲಿ ಸತ್ಯವಿದ್ದುದರಿಂದಲೇ ನ್ಯಾಯಾಲಯವೂ ಸಂಸತ್ತೂ ಒಂದೇ ವರ್ಷದಲ್ಲಿ ಹೀಗೆ ಎದುರುಬದುರಾಗಿ ನಿಂತವು.

1961ರಲ್ಲಿ ಬಳ್ಳಾರಿಯಲ್ಲಿಯೇ ಸರಕಾರಿ ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. ಅದೇ ಮುಂದೆ ವಿಜಯನಗರದ ಹೆಸರಿನಿಂದ ಪ್ರಸಿದ್ಧವಾದ ವೈದ್ಯಕೀಯ ವಿಜ್ಞಾನ ಸಂಸ್ಥೆ. ಮರುವರ್ಷವೇ ಮೈಸೂರು ಸರಕಾರವು ರಾಜ್ಯದ ವೈದ್ಯಕೀಯ ಹಾಗೂ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಹಿಂದುಳಿದವರಿಗೆ ನೂರಕ್ಕೆ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 3, ಒಟ್ಟು 68 ಸೀಟುಗಳನ್ನು ಮೀಸಲಿಟ್ಟಿತು. ಬಾಲಾಜಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದು ಮಿತಿಮೀರಿತೆಂದೂ ಮೀಸಲು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಮೆಯಿರಬೇಕೆಂದೂ ಹೇಳಿತು. ಇಡೀ ದೇಶವು ಇಂದಿಗೂ ಚರ್ಚಿಸುವ ಆ ಅರ್ಧದ ಗೆರೆ ಹುಟ್ಟಿದ್ದು ಕನ್ನಡನಾಡಿನ ಈ ಸೀಟುಗಳ ಜಗಳದಿಂದಲೇ. 371ಜೆ ವಿಧಿಯ ಬಲದಿಂದ 2013ರಿಂದೀಚೆಗೆ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟುಗಳು ಆ ಪ್ರಾಂತದವರಿಗೇ ದೊರೆಯುತ್ತಿವೆ. ಬಳ್ಳಾರಿಯೂ 2021ರಲ್ಲಿ ಅದರಿಂದ ಬೇರೆಯಾದ ವಿಜಯನಗರ ಜಿಲ್ಲೆಯೂ ಅದರೊಳಗಿವೆ. ಇಲ್ಲೊಂದು ಸ್ವಾರಸ್ಯವಿದೆ. ಜಾತಿಯ ಮೀಸಲನ್ನು ಕಂಡರೆ ಹುಬ್ಬುಗಂಟಿಕ್ಕುವ ಹೊಸಪೇಟೆಯ ಮನೆಯೂ ತನ್ನ ಮಗಳಿಗೆ ಈ ಪ್ರಾಂತದ ಮೀಸಲು ದೊರೆತಾಗ ಅದನ್ನು ನ್ಯಾಯವೆಂದೇ ತಿಳಿಯುತ್ತದೆ. ಬೆಂಗಳೂರಿನ ಮಕ್ಕಳಿಗಿದ್ದ ಅನುಕೂಲ ತಮ್ಮ ಮಕ್ಕಳಿಗಿರಲಿಲ್ಲವೆಂದು ವಾದಿಸುತ್ತದೆ. ವಾದವೇನೋ ಸರಿಯಾದುದೇ. ಆದರೆ ಅದೇ ವಾದವನ್ನು ಊರಾಚೆಯ ತಾಂಡಾ ಎತ್ತಿದಾಗ ಅದು ಹೇಗೆ ತಪ್ಪಾದೀತು?

ಈಗ ಮೀಮಾಂಸಕರ ಅಳತೆಗೋಲನ್ನು ಕೈಗೆ ತೆಗೆದುಕೊಳ್ಳಬಹುದು. ಅಧಿಕಾರಕ್ಕೆ ಮುಖ್ಯವಾಗಿ ಮೂರು ಲಕ್ಷಣಗಳನ್ನು ಅವರು ಹೇಳುವರು: ಬೇಕೆಂಬ ಅರ್ಥಿತ್ವ, ಮಾಡಬಲ್ಲ ಸಾಮರ್ಥ್ಯ, ನಿಷೇಧಕ್ಕೆ ಒಳಗಾಗದಿರುವಿಕೆ. ಇಂದಿನ ವಾದಗಳಲ್ಲಿ ನಡುವಣ ಲಕ್ಷಣವೊಂದೇ ಕಿವಿಗೆ ಬೀಳುತ್ತದೆ. ಸಾಮರ್ಥ್ಯವಿದ್ದವನಿಗೆ ಸೀಟು, ಇಲ್ಲದವನಿಗೆ ಇಲ್ಲ, ಇಷ್ಟೇ ಎನ್ನುವರು. ಕೇಳಲು ಮಾತು ನಿರ್ದುಷ್ಟವಾಗಿದೆ. ಆದರೆ ಸಾಮರ್ಥ್ಯವು ಮಗುವಿನ ಒಡನೆ ಹುಟ್ಟಿ ಬರುವ ಕವಚಕುಂಡಲವಲ್ಲ. ತಲೆತಲಾಂತರ ಒಬ್ಬನನ್ನು ಓದಬೇಡವೆಂದು ಬಾಗಿಲಿನಾಚೆ ನಿಲ್ಲಿಸಿ, ಬಾಗಿಲು ತೆರೆದ ಮರುದಿನವೇ ನಿನಗೆ ಸಾಮರ್ಥ್ಯ ಸಾಲದೆಂದು ಹೇಳುವುದು, ಮೂರನೆಯದನ್ನು ಕಿತ್ತುಕೊಂಡು ಎರಡನೆಯದಿಲ್ಲವೆಂದು ದೂರುವ ರೀತಿ.

ಇಬ್ಬರು ವಿದ್ಯಾರ್ಥಿಗಳನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಒಬ್ಬಳು ಸಂಡೂರಿನ ಬೆಟ್ಟದ ಮಗ್ಗುಲಿನ ತಾಂಡಾದವಳು. ಮನೆಯ ಮಾತು ಲಂಬಾಣಿ, ಶಾಲೆಯ ಮಾತು ಕನ್ನಡ, ಪಿಯುಸಿಯ ವಿಜ್ಞಾನದ ಮಾತು ಇಂಗ್ಲಿಷು. ಕಬ್ಬು ಕಡಿಯುವ ಕಾಲಕ್ಕೆ ತಂದೆತಾಯಿಗಳು ದೂರದ ಸೀಮೆಗೆ ಗುಳೆ ಹೋಗುವರು. ತಮ್ಮಂದಿರನ್ನು ನೋಡಿಕೊಂಡು ಅಜ್ಜಿಯ ಬಳಿಯಲ್ಲಿ ಉಳಿದರೆ ಓದು, ಜೊತೆಗೆ ಹೋದರೆ ಓದಿಲ್ಲ. ವಸತಿಶಾಲೆಯೊಂದರಲ್ಲಿ ಜಾಗ ದೊರೆತುದರಿಂದ ಅವಳ ದಾರಿ ತೆರೆಯಿತು. ಇನ್ನೊಬ್ಬನು ಕಂಪ್ಲಿಯ ಮುಸಲ್ಮಾನ ದರ್ಜಿಯ ಮಗ. ಮನೆಯಲ್ಲಿ ಉರ್ದು, ಹೊರಗೆ ಕನ್ನಡ ತೆಲುಗು. 720 ಅಂಕಗಳ ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿಯೂ ಬರೆಯಬಹುದಾದರೂ, ಅದಕ್ಕೆ ಅಣಿಮಾಡುವ ತರಬೇತಿಯ ಅಂಗಡಿಗಳು ದೊಡ್ಡ ಊರುಗಳಲ್ಲಿವೆ, ಅವುಗಳ ಶುಲ್ಕವು ದರ್ಜಿಯ ವರ್ಷದ ಸಂಪಾದನೆಯನ್ನು ನುಂಗುತ್ತದೆ. ಒಂದು ಸಲ ಬರೆದು ಸೋತರೆ, ಇನ್ನೊಂದು ವರ್ಷ ಮನೆಯಲ್ಲಿ ಕುಳಿತು ಓದೆಂದು ಹೇಳುವ ಶಕ್ತಿ ವೈದ್ಯದಂಪತಿಗಳ ಮನೆಗಿದೆ, ಈ ಮನೆಗಿಲ್ಲ. ಈ ಇಬ್ಬರು ಹೊರಟ ಸ್ಥಳವನ್ನು ಕಾಣದೆ ಮುಟ್ಟಿದ ಸ್ಥಳವನ್ನಷ್ಟೇ ಅಳೆಯುವವನು, ಬೆಟ್ಟದ ಬುಡದಿಂದ ಹತ್ತಿದವನನ್ನೂ ಅರ್ಧದಾರಿಯವರೆಗೆ ಬಂಡಿಯಲ್ಲಿ ಬಂದವನನ್ನೂ ತುದಿಯಲ್ಲಿ ನಿಲ್ಲಿಸಿ ಎತ್ತರ ನೋಡುತ್ತಾನೆ.

ಅರ್ಥಿತ್ವದ ಮಾತೂ ಇದರಲ್ಲಿ ಅಡಗಿದೆ. ಬೇಕೆಂಬ ಬಯಕೆ ತಾನಾಗಿ ಹುಟ್ಟುವುದೆಂದು ಜನರು ಭಾವಿಸುವರು. ತನ್ನವರಲ್ಲಿ ಒಬ್ಬ ವೈದ್ಯನನ್ನೂ ಕಾಣದ ಮಗುವು ವೈದ್ಯನಾಗಬೇಕೆಂದು ಬಯಸುವುದು ಹೇಗೆ? ಅಂಥ ತಾಂಡಾದಿಂದ ಮೊದಲ ವೈದ್ಯೆ ಹೊರಬಂದ ವರ್ಷ ಅಲ್ಲಿಯ ಹತ್ತು ಮಕ್ಕಳ ಬಯಕೆಗೆ ಒಂದು ರೂಪ ದೊರೆಯುತ್ತದೆ. ಅದನ್ನು ಯಾವ ಅಂಕಪಟ್ಟಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದಕ್ಕೆ ಬಲವಾದ ಆಕ್ಷೇಪವೊಂದುಂಟು. ರೋಗಿಗೆ ಬೇಕಾದುದು ವೈದ್ಯನ ಚರಿತ್ರೆಯಲ್ಲ, ಕೈಗುಣ. ಹೊಟ್ಟೆ ಕೊಯ್ಯುವವನು ಎಷ್ಟು ಕಷ್ಟದಿಂದ ಬಂದನೆಂದು ಕೇಳಿ ಯಾರೂ ಮೇಜಿನ ಮೇಲೆ ಮಲಗುವುದಿಲ್ಲ. ಈ ಆಕ್ಷೇಪವನ್ನು ತಳ್ಳಿಹಾಕಬಾರದು. ಆದರೆ ರಿಯಾಯಿತಿಯಿರುವುದು ಒಳಬಾಗಿಲಲ್ಲಿ ಮಾತ್ರವೆಂಬುದನ್ನು ನೆನೆಯಬೇಕು. ಒಂದು ವರ್ಷದ ಆಸ್ಪತ್ರೆಯ ಕೆಲಸವೂ ಸೇರಿ ಐದೂವರೆ ವರ್ಷಗಳ ಓದಿನಲ್ಲಿ ಎಲ್ಲರಿಗೂ ಒಂದೇ ಪಾಠ, ಒಂದೇ ಶವ, ಒಂದೇ ಪ್ರಶ್ನಪತ್ರಿಕೆ, ಉತ್ತೀರ್ಣತೆಗೆ ಒಂದೇ ಗೆರೆ. ಹೊರಬಾಗಿಲಲ್ಲಿ ಜಾತಿಗೊಂದು ಅಳತೆಯಿಲ್ಲ. ಅದಲ್ಲದೆ ಖಾಸಗಿ ಕಾಲೇಜುಗಳಲ್ಲಿ ಕಡಮೆ ಅಂಕದವನು ಹಣದ ಬಲದಿಂದ ಒಳಹೊಕ್ಕರೆ ಅವನ ಕೈಗುಣವನ್ನು ಶಂಕಿಸುವವರು ವಿರಳ. ಹಣವು ತೆರೆದ ಬಾಗಿಲು ಗೌರವದ್ದು, ಕಾನೂನು ತೆರೆದ ಬಾಗಿಲು ನಾಚಿಕೆಯದು ಎಂಬ ಭಾವನೆಯಲ್ಲಿ ನ್ಯಾಯದ ಲೇಶವೂ ಇಲ್ಲ.

ಈ ಆಕ್ಷೇಪದಲ್ಲಿಯೇ ಪ್ರಶ್ನೆಗೆ ಉತ್ತರವೂ ಅಡಗಿದೆ. ರೋಗಿಯ ಕಡೆಯಿಂದ ನೋಡಬೇಕೆಂದರಷ್ಟೇ, ಹಾಗೆಯೇ ನೋಡೋಣ. ವೈದ್ಯಕೀಯ ಸೀಟೆಂಬುದು ಪರೀಕ್ಷೆಯಲ್ಲಿ ಗೆದ್ದವನ ಕೊರಳಿಗೆ ಹಾಕುವ ಪದಕವಲ್ಲ. ರೋಗಿಗಳ ಪರವಾಗಿ ಒಬ್ಬನ ಕೈಯಲ್ಲಿ ಸಮಾಜವು ಇಡುವ ನಿಕ್ಷೇಪವದು; ನಿಕ್ಷೇಪವನ್ನು ಯಾರ ಬಳಿ ಇಟ್ಟರೆ ಒಡೆಯನಿಗೆ ಹಿತವೆಂದು ನೋಡುವುದೇ ಧರ್ಮ. ಇಲ್ಲಿ ಒಡೆಯನು ರೋಗಿ. ಅವನು ಒಂದೇ ಬೀದಿಯವನಲ್ಲ, ಒಂದೇ ಭಾಷೆಯವನಲ್ಲ. ಹೊಟ್ಟೆನೋವನ್ನು ಲಂಬಾಣಿಯಲ್ಲಿ ಮಾತ್ರ ಹೇಳಬಲ್ಲ ಮುದುಕಿಗೆ, ಗಂಡು ವೈದ್ಯನ ಮುಂದೆ ಬಾಯಿ ತೆರೆಯದ ಹೆಂಗಸಿಗೆ, ಗಣಿಯ ಧೂಳಿನಲ್ಲಿ ಕೆಮ್ಮುವ ಕೂಲಿಗೆ ಅರ್ಥವಾಗುವ ಮಾತನ್ನಾಡಬಲ್ಲವರು ವೈದ್ಯವರ್ಗದಲ್ಲಿ ಇರಲೇಬೇಕು. ಅಮೆರಿಕದ ಓಕ್‌ಲೆಂಡ್ ನಗರದಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಕಪ್ಪು ಜನಾಂಗದ ಗಂಡಸರು ತಮ್ಮ ಜನಾಂಗದ ವೈದ್ಯನು ವಿವರಿಸಿದಾಗ ರೋಗ ತಡೆಯುವ ತಪಾಸಣೆಗಳಿಗೆ ಹೆಚ್ಚಾಗಿ ಒಪ್ಪಿದುದು ಕಂಡುಬಂದಿತು. ಅದೇ ದೇಶದಲ್ಲಿ 1910ರ ಫ್ಲೆಕ್ಸ್‌ನರ್ ವರದಿಯು ವೈದ್ಯಶಿಕ್ಷಣದ ಮಟ್ಟವನ್ನು ಏರಿಸಿತು. ಆ ಏರಿಕೆಯ ಭಾರದಿಂದ ಕಪ್ಪು ಜನರ 7 ವೈದ್ಯಕೀಯ ಕಾಲೇಜುಗಳಲ್ಲಿ 5 ಮುಚ್ಚಿದುವು. ಮಟ್ಟವೇರಿದ್ದು ಒಳ್ಳೆಯದೇ, ಆದರೆ ಏಣಿಯನ್ನು ಮೇಲಕ್ಕೆಳೆದುಕೊಂಡ ನಷ್ಟವನ್ನು ಅಲ್ಲಿಯ ರೋಗಿಗಳು ಬಹುಕಾಲ ಹೊತ್ತರು.

ಸಮೀಪದ ದೃಷ್ಟಾಂತವೂ ಇದೆ. ಪುದುಕೋಟೆಯ ಮುತ್ತುಲಕ್ಷ್ಮಿ ರೆಡ್ಡಿಯವರ ತಾಯಿ ದೇವದಾಸಿಯರ ಕುಲದಲ್ಲಿ ಹುಟ್ಟಿದವರು. ಗಂಡುಮಕ್ಕಳ ಕಾಲೇಜಿನಲ್ಲಿ ಮಗಳನ್ನು ಸೇರಿಸಬಾರದೆಂದು ಆಕ್ಷೇಪಗಳೆದ್ದರೂ ಓದಿ, ಮದರಾಸು ವೈದ್ಯಕೀಯ ಕಾಲೇಜನ್ನು ಹೊಕ್ಕು, 1912ರಲ್ಲಿ ಅವರು ವೈದ್ಯಪದವಿಯನ್ನು ಪಡೆದರು. ಮುಂದೆ ಶಾಸನಸಭೆಯ ಸದಸ್ಯೆಯಾಗಿ ದೇವದಾಸಿ ಪದ್ಧತಿಯನ್ನು ನಿಲ್ಲಿಸಲು ಹೋರಾಡಿದರು. ಆ ಹೋರಾಟದ ಕೊನೆಯ ಫಲವಾದ 1947ರ ಮದರಾಸು ಶಾಸನವು, ಆಗ ಮದರಾಸಿಗೇ ಸೇರಿದ್ದ ಹೊಸಪೇಟೆ ಕಂಪ್ಲಿಗಳಿಗೂ ಅನ್ವಯಿಸಿತು. ಅವರಿಗಿಂತ ಮೊದಲು ಅದೇ ಕಾಲೇಜಿನಿಂದ ಎಷ್ಟೋ ಮಂದಿ ವೈದ್ಯರು ಹೊರಬಂದಿದ್ದರು. ಆ ಹೆಂಗಸರ ರೋಗಗಳಿಗೆ ಔಷಧವನ್ನೂ ಕೊಟ್ಟಿರಬಹುದು. ರೋಗದ ಬೇರು ಎಲ್ಲಿದೆಯೆಂದು ತೋರಿಸಿ ಅದನ್ನು ಕೀಳಲು ಹೊರಟವರು, ಆ ಬೇರಿನ ಹತ್ತಿರ ಹುಟ್ಟಿದವರು.

ಹಾಗಾದರೆ ಹೆಚ್ಚು ಅಂಕ ಪಡೆದೂ ಸೀಟು ತಪ್ಪಿದ ಹುಡುಗನ ಗತಿ ಏನು? ಅವನು ಯಾವ ಪಾಪ ಮಾಡಿದನು? ಯಾವ ಪಾಪವನ್ನೂ ಮಾಡಿಲ್ಲ. ಅಜ್ಜಂದಿರ ದೋಷಕ್ಕೆ ಮೊಮ್ಮಗನಿಗೆ ದಂಡ ವಿಧಿಸುವುದು ಅಧರ್ಮವೆಂಬುದು ನಿಜ. ಅವನ ಕಣ್ಣೀರನ್ನು ಕಂಡು ನಗುವವರು ಸಾಮಾಜಿಕ ನ್ಯಾಯದ ಹೆಸರನ್ನು ಹೇಳಲು ತಕ್ಕವರಲ್ಲ. ಆದರೆ ಸೀಟು ಪದಕವಲ್ಲ, ನಿಕ್ಷೇಪವೆಂದು ಒಪ್ಪಿದ ಮೇಲೆ, ಅವನ ಸ್ವತ್ತನ್ನು ಯಾರೂ ಕಸಿದಂತಾಗಲಿಲ್ಲ. ಅವನಿಗೂ ಇಡಬಹುದಾಗಿದ್ದ ನಿಕ್ಷೇಪವನ್ನು ಇನ್ನೊಬ್ಬರಲ್ಲಿ ಇಟ್ಟಂತಾಯಿತು. ನಿರಾಶೆ ದೊಡ್ಡದು, ಅವಮಾನವಿಲ್ಲ. ಅವನಿಗೆ ಸಮಾಜವು ಇನ್ನೊಂದು ದಾರಿಯನ್ನು ತೆರೆದಿಡಬೇಕು. ಸರಕಾರಿ ಸೀಟುಗಳು ಹೆಚ್ಚಿದಷ್ಟೂ ಈ ದುಃಖ ಕಡಮೆಯಾಗುವುದು.

ಇದೇ ತತ್ತ್ವವು ಮೀಸಲಿನ ಒಳಗೂ ಅನ್ವಯಿಸಬೇಕು. ಸೀಟು ಒಂದು ಕುಲಕ್ಕೆ ದೊರೆತರೆ ಸಾಲದು. ಆ ಕುಲದಲ್ಲಿ ಕಾರಿನಲ್ಲಿ ಬರುವ ಮನೆಗೇ ಮೂರು ತಲೆಮಾರು ದೊರೆತು, ಗುಳೆ ಹೋಗುವ ಮನೆಗೆ ದೊರೆಯದೆ ಹೋದರೆ, ರೋಗಿಯ ಹಿತವೂ ಹೊರಟ ಸ್ಥಳದ ನ್ಯಾಯವೂ ಎರಡೂ ಕೆಡುತ್ತವೆ. ಪರಿಶಿಷ್ಟ ಜಾತಿಗಳೊಳಗೆ ಒಳವಿಂಗಡಣೆ ಮಾಡಬಹುದೆಂದು 2024ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದುದರ ಹಿಂದೆ ಈ ಚಿಂತೆಯೇ ಇದೆ. ಹೊರಗಿನವರನ್ನು ಕೇಳಿದ ಪ್ರಶ್ನೆಯನ್ನು ಒಳಗಿನವರೂ ಕೇಳಿಕೊಳ್ಳುವ ಧೈರ್ಯ ತೋರಿದಾಗಲೇ ವಾದವು ಪೂರ್ಣವಾಗುವುದು.

ಕೊನೆಗೆ ಋಣದ ಮಾತು. ಮೀಸಲಿನಿಂದ ಬಂದ ವೈದ್ಯನು ತನ್ನ ಹಳ್ಳಿಗೆ ಮರಳಿ ಸೇವೆ ಮಾಡಬೇಕೆಂದು ಬೋಧಿಸುವವರು ಹಲವರು. ಮಾತು ಚೆನ್ನಾಗಿದೆ; ಆದರೆ ಅದನ್ನು ಅವನೊಬ್ಬನಿಗೇ ಏಕೆ ಹೇಳಬೇಕು? ಸರಕಾರಿ ಕಾಲೇಜಿನಲ್ಲಿ ಓದಿದ ಪ್ರತಿಯೊಬ್ಬನೂ ಜನರ ತೆರಿಗೆಯ ಅನ್ನವನ್ನುಂಡವನು. ಪ್ರತಿಯೊಬ್ಬನೂ ಬಡರೋಗಿಗಳ ಶರೀರದ ಮೇಲೆಯೇ ನಾಡಿ ಹಿಡಿಯುವುದನ್ನು ಕಲಿತವನು. ಕರ್ನಾಟಕದ 2012ರ ಕಡ್ಡಾಯ ಸೇವೆಯ ಶಾಸನವು, ಮುಂದೆ ತಿದ್ದುಪಡಿಯಿಂದ ಸಡಿಲವಾದರೂ, ವೈದ್ಯಪದವೀಧರರಿಂದ ಒಂದು ವರ್ಷದ ಸೇವೆಯನ್ನು ಬೇಡುವಾಗ ಅವರ ಜಾತಿಯನ್ನು ಕೇಳಲಿಲ್ಲ. ಋಣವು ಎಲ್ಲರ ಮೇಲೂ ಇದೆ. ಬೆಟ್ಟದ ಬುಡದಿಂದ ಹತ್ತಿ ಬಂದವಳಿಗೆ ತುದಿಯಲ್ಲಿ ಕುಳಿತು ಉಸಿರಾಡಲೂ ಬಿಡದೆ, ನೀನು ಮಾತ್ರ ಇಳಿದುಹೋಗೆಂದು ಹೇಳುವುದು ಇನ್ನೊಂದು ಬಗೆಯ ಬಾಗಿಲು ಮುಚ್ಚುವಿಕೆಯೇ ಸರಿ. ಅವಳು ಬೆಂಗಳೂರಿನಲ್ಲಿ ಹೃದಯದ ಶಸ್ತ್ರವೈದ್ಯೆಯಾಗಲು ಬಯಸಿದರೆ ಅದಕ್ಕೂ ಅವಳು ಅಧಿಕಾರಿಣಿಯೇ.

ವಸತಿಗೃಹದ ಪಡಸಾಲೆಯಲ್ಲಿ, ಪ್ರಯೋಗಶಾಲೆಯ ಮೂಲೆಯಲ್ಲಿ, ನಿನಗೆಷ್ಟು ರ್‍ಯಾಂಕು, ಯಾವ ಕೋಟಾ ಎಂದು ಕೇಳಿ ನಗುವ ಸಹಪಾಠಿಗಳು ಈ ನಾಡಿನ ವಿದ್ಯಾವಂತ ಮನೆಗಳಿಂದಲೇ ಹೋದವರು. ಊಟದ ಎಲೆಯ ಮುಂದೆ ಕೇಳಿದ ಮಾತನ್ನೇ ಅವರು ಅಲ್ಲಿ ಆಡುವರು. ಹಂಚಿಕೆಯ ಲೆಕ್ಕವನ್ನು ನ್ಯಾಯಾಲಯಗಳೂ ಶಾಸನಸಭೆಗಳೂ ನೋಡಿಕೊಳ್ಳಲಿ. ಆ ಒಂದು ಪ್ರಶ್ನೆಯನ್ನು ಮಕ್ಕಳ ನಾಲಗೆಗೆ ಬಾರದಂತೆ ಮಾಡುವುದು ಮನೆಯವರ ಕೈಯಲ್ಲಿದೆ. ಅದಕ್ಕೆ ಯಾವ ತಿದ್ದುಪಡಿಯೂ ಬೇಕಾಗಿಲ್ಲ.